ರದ್ದಿ ಬುಟ್ಟಿಯ ವಸಂತ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ವಸಂತ ಬಂತಲ್ಲ, ಮನೆಯ ಹಳೆ ಸಾಮಾನಿನಲ್ಲೇ ಹೂವು, ಚಿಟ್ಟೆ ಮಾಡೋಣ ಅಂತ ವಿಡಿಯೊ ಹಾಕಿಕೊಂಡು ಕೂರುತ್ತೇವೆ. ಐದು ನಿಮಿಷಕ್ಕೆ ಅವಳು ಎದ್ದು ಹೋಗುತ್ತಾಳೆ. ಹೂವು ಮುಗಿಸುವವಳು ಯಾವಾಗಲೂ ನಾನೇ. ಅವಳಿಗೆ ಇದರಲ್ಲಿ ಆಸಕ್ತಿಯೇ ಇಲ್ಲವೇ?

ಉತ್ತರ: ಆಸಕ್ತಿ ಇದೆ, ಅವಳಿಗೆ ಕೆಲಸ ಸಿಕ್ಕಿಲ್ಲ ಅಷ್ಟೆ. ಆ ವಿಡಿಯೊಗಳಲ್ಲಿ ಕತ್ತರಿಸುವುದು, ಸುತ್ತುವುದು, ಬಿಸಿ ಅಂಟು ಹಚ್ಚುವುದು ಎಲ್ಲ ದೊಡ್ಡವರ ಪಾಲು. ಮಗುವಿಗೆ ಉಳಿಯುವುದು ಕೊನೆಯಲ್ಲಿ ಎರಡು ಕಣ್ಣು ಅಂಟಿಸೋದು. ಅಷ್ಟಕ್ಕೆ ಯಾರು ಕಾಯ್ತಾರೆ ಹೇಳಿ! ನಾನು ಬಹಳ ವರ್ಷ ಚಿಕ್ಕ ಮಕ್ಕಳ ತರಗತಿ ನಡೆಸಿದವಳು. ಮೇಜಿನ ಮೇಲೆ ಮಾದರಿ ಹೂವು ಇಟ್ಟ ದಿನ ಮಕ್ಕಳು ಬೇಗ ಏಳುತ್ತಿದ್ದರು. ಬರೀ ಸಾಮಾನು ಇಟ್ಟ ದಿನ ಎಬ್ಬಿಸುವುದೇ ಕಷ್ಟವಾಗುತ್ತಿತ್ತು.

ಹೀಗೆ ಮಾಡಿ ನೋಡಿ. ಹಳೆಯ ದಿನಪತ್ರಿಕೆ, ಬರೆದು ಮುಗಿದ ನೋಟ್‌ಬುಕ್ ಹಾಳೆ, ಯಾವುದಾದರೂ ಪುಸ್ತಕದ ಮಿರುಗುವ ಪ್ಲಾಸ್ಟಿಕ್ ಪದರದ ರಕ್ಷಾಪುಟ, ಈ ಮೂರರಲ್ಲೂ ಅಂಗೈ ಅಗಲದ ಐದೆಸಳಿನ ಹೂವು ಕತ್ತರಿಸಿ ಕೊಡಿ. ಓರೆಕೋರೆ ಇದ್ದರೆ ಪರವಾಗಿಲ್ಲ. ಎಸಳುಗಳನ್ನು ಒಂದೊಂದಾಗಿ ನಡುವಿಗೆ ಮಡಚಿ, ಉಗುರಿನಿಂದ ಗೆರೆ ಒತ್ತುವುದು ಅವಳ ಕೆಲಸ. ಮಡಚುವ ಮೊದಲು ಹೂವಿನ ನಡುವೆ ಕ್ರೆಯಾನ್‌ನಲ್ಲಿ ಒಂದು ಹುಳು ಬರೆದು ಬಚ್ಚಿಡಲಿ. ಕ್ರೆಯಾನ್ ಮೇಣವಾದ್ದರಿಂದ ನೀರಿಗೆ ಅಳಿಸುವುದಿಲ್ಲ. ಆಮೇಲೆ ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಮಡಿಕೆ ಮೇಲೆ ಬರುವಂತೆ ಮೊಗ್ಗುಗಳನ್ನು ಮೆಲ್ಲಗೆ ತೇಲಿಬಿಡಿ.

ದಿನಪತ್ರಿಕೆಯ ಮೊಗ್ಗು ನೋಡನೋಡುತ್ತಲೇ ಬಿಚ್ಚಿಕೊಳ್ಳುತ್ತದೆ. ಒಂದು ಎಸಳು ಮೊದಲು ಏಳುತ್ತದೆ, ಇನ್ನೊಂದು ತಡವರಿಸುತ್ತದೆ, ಒಳಗಿನ ಹುಳು ಇಣುಕುತ್ತದೆ. ಕಾಗದದ ನಾರು ನೀರು ಹೀರಿ ಉಬ್ಬುವುದರಿಂದ ಮಡಿಕೆ ನೆಟ್ಟಗಾಗುತ್ತದೆ. ನೋಟ್‌ಬುಕ್ ಹಾಳೆ ಗಟ್ಟಿ, ನಿಧಾನ. ಪ್ಲಾಸ್ಟಿಕ್ ಪದರದ್ದಂತೂ ಜಪ್ಪಯ್ಯ ಅಂದರೂ ಏಳುವುದಿಲ್ಲ. ಯಾಕೆ ಅಂತ ನೀವು ಹೇಳಬೇಡಿ. ಅವಳೇ ಮೂರನ್ನೂ ಬೆರಳಲ್ಲಿ ಸವರಿ ನೋಡಲಿ. ಮುಂದಿನ ಮೊಗ್ಗಿಗೆ ಯಾವ ಕಾಗದ ಬೇಕು ಅಂತ ಅವಳೇ ಹುಡುಕಿಕೊಂಡು ಹೋಗುತ್ತಾಳೆ. ನಿಮ್ಮ ಬೇಕಾದ ಪತ್ರಗಳನ್ನು ಮಾತ್ರ ಮೊದಲೇ ಎತ್ತಿಡಿ.

ಅಂಗಡಿಯ ಬಿಲ್ಲುಗಳನ್ನು ಮಾತ್ರ ಕೊಡಬೇಡಿ. ಆ ನುಣುಪು ಕಾಗದದ ಮೇಲಿನ ಲೇಪದಲ್ಲಿ ಎಷ್ಟೋ ಸಲ ಬಿಸ್ಫೆನಾಲ್ ಜಾತಿಯ ರಾಸಾಯನಿಕ ಇರುತ್ತದೆ, ಕೈಗೆ ಹತ್ತುತ್ತದೆ.

ಪ್ರಶ್ನೆ: ಐದು ವರ್ಷದ ಮಗ ಮೊಟ್ಟೆ ಟ್ರೇಯಲ್ಲಿ ಕಂಬಳಿಹುಳು ಮಾಡಿದ. ಬೇಕಾದಲ್ಲೆಲ್ಲ ಕಾಲು ಅಂಟಿಸಿ, ಎಣಿಸಿದರೆ 11! ಅತ್ತೆ ತಿದ್ದು ಅನ್ನುತ್ತಾರೆ, ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅತ್ತೆಯವರಿಗೆ ಒಂದು ಸುದ್ದಿ ಹೇಳಿ. ಕಂಬಳಿಹುಳುವಿಗೆ ಮುಂದೆ ಎದೆಯ ಹತ್ತಿರ ಮೂರು ಜೊತೆ ನಿಜವಾದ ಕಾಲು. ಹಿಂದೆ ಮೆತ್ತನೆಯ ಸುಳ್ಳುಕಾಲು, ಹೆಚ್ಚೆಂದರೆ ಐದು ಜೊತೆ. ಒಟ್ಟು 16ರವರೆಗೆ ಇರಬಹುದು. ನಿಮ್ಮ ಹುಡುಗ 11 ಅಂಟಿಸಿದ್ದಾನೆ ಅಂದರೆ, ಆರೇ ಕಾಲು ಅಂದುಕೊಂಡ ದೊಡ್ಡವರಿಗಿಂತ ವಾಸಿ ಅಲ್ವಾ? ಆ ಸುಳ್ಳುಕಾಲುಗಳ ತುದಿಯಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ, ಅದಕ್ಕೇ ಹುಳು ಎಲೆಯನ್ನು ಅಷ್ಟು ಬಿಗಿಯಾಗಿ ಹಿಡಿಯುವುದು. ಚಿಟ್ಟೆಯಾದ ಮೇಲೆ ಅವೆಲ್ಲ ಹೋಗಿ ಆರು ಕಾಲು, ನಾಲ್ಕು ರೆಕ್ಕೆ.

ಕೈಯಾರೆ ಮಾಡಿದ್ದನ್ನು ತಿದ್ದಬೇಡಿ. ಹೊರಗೆ ಹೋಗಿ ಒಂದು ನಿಜವಾದ ಹುಳುವನ್ನು ಮುಟ್ಟದೆ ಒಟ್ಟಿಗೆ ನೋಡಿ. ರೋಮ ಜಾಸ್ತಿ ಇರುವ ಹುಳು ಚರ್ಮಕ್ಕೆ ತಾಗಿದರೆ ತುರಿಕೆ ಆಗಬಹುದು. ಮನೆಗೆ ಬಂದ ಮೇಲೆ ಅವನಿಗೇ ಇನ್ನೊಂದು ಮಾಡಬೇಕು ಅನ್ನಿಸಿದರೆ ಮಾಡಲಿ, ಇಲ್ಲದಿದ್ದರೆ ಇಲ್ಲ.

ಟ್ರೇ ಬಗ್ಗೆ ಒಂದು ಮಾತು. ರಟ್ಟಿನ ಟ್ರೇಯನ್ನು ತೊಳೆಯಲಾಗದು. ಮೊಟ್ಟೆ ಒಡೆದು ಕಲೆಯಾದದ್ದನ್ನು ಬಿಸಾಕಿ. ಒಣಗಿ ಚೊಕ್ಕಟವಾಗಿರುವುದನ್ನು ಮಾತ್ರ ಇಟ್ಟುಕೊಳ್ಳಿ, ಆಟ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಸಿ.

ಪ್ರಶ್ನೆ: ದೊಡ್ಡವಳು ಬಾಟಲಿ ಮುಚ್ಚಳದಲ್ಲಿ ಹೂವು ಮಾಡುತ್ತಾಳೆ. ಒಂದೂವರೆ ವರ್ಷದ ತಮ್ಮ ಎಲ್ಲವನ್ನೂ ಬಾಯಿಗೆ ಹಾಕುತ್ತಾನೆ. ಇಬ್ಬರನ್ನೂ ಜೊತೆಗೆ ಕೂರಿಸಬಹುದೇ?

ಉತ್ತರ: ಮುಚ್ಚಳ ಇದ್ದಾಗ ಬೇಡ. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಇದೆಯಲ್ಲ, ಅದರೊಳಗೆ ತೂರುವ ಯಾವುದನ್ನೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬಾರದು. ಆಟಿಕೆ ಪರೀಕ್ಷೆಯ ಅಳತೆಕೊಳವೆಯ ಬಾಯಿ 31.7 ಮಿಲಿಮೀಟರ್. ಟಿಶ್ಯೂ ರೋಲ್ ಅದಕ್ಕಿಂತ ತುಸು ಅಗಲ, ಆದ್ದರಿಂದ ನಮಗೆ ಇನ್ನೂ ಒಳ್ಳೆಯದು. ನೀರಿನ ಬಾಟಲಿಯ ಮುಚ್ಚಳ ಅದರಲ್ಲಿ ಸಲೀಸಾಗಿ ಜಾರುತ್ತದೆ. ಗುಂಡಿ, ಮಣಿ ಕೇಳಲೇಬೇಡಿ. ಹಳೆ ಆಟಿಕೆ, ಹಾಡುವ ಶುಭಾಶಯ ಪತ್ರ ಬಿಚ್ಚುವಾಗ ಒಳಗಿನ ಗುಂಡಿ ಬ್ಯಾಟರಿಯನ್ನು ನೀವೇ ತೆಗೆದು ದೂರ ಇಡಿ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ.

ತಮ್ಮನಿಗೆ ದೊಡ್ಡ ರಟ್ಟಿನ ಪೆಟ್ಟಿಗೆ ಕೊಡಿ. ಪಿನ್ನು, ಟೇಪು ತೆಗೆದಿರಲಿ. ಅವನು ಅದರೊಳಗೆ ಕೂತರೆ ಅಕ್ಕನಿಗೂ ಒಂದಷ್ಟು ಹೊತ್ತು ನೆಮ್ಮದಿ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿಗೆ ಹಚ್ಚಿದ ಬಣ್ಣ ಒಣಗಿದ ಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಉಪಾಯ ಇದೆಯೇ?

ಉತ್ತರ: ನೀರಿನ ಬಣ್ಣ ಪ್ಲಾಸ್ಟಿಕ್‌ಗೆ ಹಿಡಿಯುವುದಿಲ್ಲ. ಮೊದಲು ಹರಿದ ಕಾಗದದ ಚೂರು ಅಂಟಿಸಿ, ಬಣ್ಣ ಅದರ ಮೇಲೆ. ಅಂಟು ಮನೆಯಲ್ಲೇ ಆಗುತ್ತದೆ: ಒಂದು ಪಾಲು ಮೈದಾ, ನಾಲ್ಕು ಪಾಲು ನೀರು. ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಗಟ್ಟಿಯಾಗಿ ಹೊಳಪು ಬಂದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಕೊಡಿ. ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಪ್ರಶ್ನೆ: ಮಾಡಿದ್ದನ್ನೆಲ್ಲ ಎಲ್ಲಿಡುವುದು? ಮನೆ ತುಂಬಿಹೋಗಿದೆ.

ಉತ್ತರ: ಒಂದು ಪೆಟ್ಟಿಗೆ ಇಡಿ. ಅದು ತುಂಬಿದ ದಿನ ಯಾವುದು ಉಳಿಯಬೇಕು ಅಂತ ಮಗುವನ್ನೇ ಕೇಳಿ. ಕದ್ದುಮುಚ್ಚಿ ಬಿಸಾಕಿದ ಚಿಟ್ಟೆ ಕಸದ ಬುಟ್ಟಿಯಲ್ಲಿ ಕಣ್ಣಿಗೆ ಬಿದ್ದರೆ ಗಲಾಟೆ ಗ್ಯಾರಂಟಿ. ಬರೀ ಕಾಗದ, ಮೈದಾ ಅಂಟಿನದಾದರೆ ಹರಿದು ಗೊಬ್ಬರದ ಗುಂಡಿಗೆ ಹಾಕಬಹುದು. ಗ್ಲಿಟರ್ ಉದುರಿಸಿದ್ದರೆ ಆಗದು, ಅದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್ ಪುಡಿ. ನಾನಂತೂ ತರಗತಿಗೆ ಅದನ್ನು ಬಿಡುತ್ತಲೇ ಇರಲಿಲ್ಲ. ಬಣ್ಣ ಹಚ್ಚದ ಮೊಟ್ಟೆ ಟ್ರೇ ಉಳಿದಿದ್ದರೆ ಕುಳಿಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಮಣ್ಣು ತುಂಬಿ ಬೀಜ ಹಾಕಿಸಿ. ಸಸಿ ಬಂದ ಮೇಲೆ ಕುಳಿ ಸಮೇತ ನೆಟ್ಟರಾಯಿತು, ರಟ್ಟು ಮಣ್ಣಲ್ಲೇ ಕರಗುತ್ತದೆ. ನೆಡುವ ಮುಂಚೆ ತಳವನ್ನು ಸ್ವಲ್ಪ ಹರಿದುಬಿಡಿ, ಬೇರು ಇಳಿಯಲು ಸುಲಭ.