ಕತ್ತು ನೋವಿಗೆ ಹೆಲ್ಮೆಟ್ ಅಲ್ಲ, ನಿಲುವಂಗಿಯೇ ಕಾರಣ ಇರಬೇಕು
ಪಾತ್ರದ ವೇಷಕ್ಕೆಂದು ಹೆಲ್ಮೆಟ್, ನಿಲುವಂಗಿ ಹಾಕಿಕೊಂಡರೆ ಅರ್ಧ ಗಂಟೆಗೇ ಕತ್ತು ನೋವು, ಒಳಗೆ ಸೆಕೆ, ಕಣ್ಣೆದುರಿನ ಗಾಜಿಗೆಲ್ಲ ಮಂಜು ಅಂದಿದ್ದೀರಿ. ನೋವು ಬಹುಶಃ ನಿಲುವಂಗಿಯಿಂದ. ಅಷ್ಟೂ ಬಟ್ಟೆಯ ಭಾರ ಕತ್ತುಪಟ್ಟಿಯಿಂದಲೇ ಜೋತುಬಿದ್ದಿರುತ್ತೆ.

ಮೊದಲು ಒಳಗೆ ಹಾಕಿಕೊಳ್ಳಲು ಅಗಲವಾದ ಸೊಂಟಪಟ್ಟಿ ಮಾಡಿ, ಹೆಗಲ ಮೇಲೆ ಹಾಯುವ ಎರಡು ಪಟ್ಟಿ ಅದಕ್ಕೆ ಹೊಲಿಯಿರಿ. ನಿಲುವಂಗಿಯನ್ನು ಹೆಗಲಲ್ಲೂ ಸೊಂಟದಲ್ಲೂ ಪ್ರೆಸ್ ಬಟನ್ ಹಾಕಿ ಅದಕ್ಕೆ ಸೇರಿಸಿ. ಕತ್ತುಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಆಡಿದರೆ ಭಾರ ಇಳಿದಿದೆ ಅಂತಲೇ ಅರ್ಥ.

ಆಮೇಲೆ ಹೆಲ್ಮೆಟ್. ಒಳಗೆ ಪೂರ್ತಿ ಸ್ಪಂಜು ತುಂಬಬೇಡಿ, ದಯವಿಟ್ಟು. ಸೆಕೆಗೆ ಅದೇ ಮೂಲ. ನೆತ್ತಿ, ಹಣೆ, ಹಿಂದಲೆ, ಇಷ್ಟು ಕಡೆ ಬಿಡಿಬಿಡಿಯಾಗಿ ತುಂಡು ಅಂಟಿಸಿ, ನಡುವೆ ಗಾಳಿಯಾಡಲಿ. 5 ವೋಲ್ಟಿನ 40 ಮಿ.ಮೀ. ಫ್ಯಾನ್ ಎರಡು ಸಾಕು. ಗದ್ದದ ಹತ್ತಿರದ್ದು ಗಾಜಿನ ಕಡೆಗೆ ಊದಬೇಕು, ಹಿಂದಲೆಯದ್ದು ಬಿಸಿಗಾಳಿಯನ್ನು ಹೊರಗೆ ಎಳೆಯಬೇಕು. ನಿಮ್ಮದರಲ್ಲಿ ಜಾಗ ಎಷ್ಟಿದೆಯೋ ಗೊತ್ತಿಲ್ಲ. ಇಕ್ಕಟ್ಟಾದರೆ ಗದ್ದದ್ದೊಂದೇ ಹಾಕಿ. ಪವರ್ ಬ್ಯಾಂಕ್ ಸೊಂಟಪಟ್ಟಿಯಲ್ಲಿರಲಿ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಡಿಮೆ ಕರೆಂಟಿಗೆ ತಾವೇ ಆಫ್ ಆಗಿಬಿಡುತ್ತವೆ, ಮನೆಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ.

ಹಾಕಿಕೊಂಡಾಗ ತಲೆ ಸುತ್ತಿದರೆ ಮಾತ್ರ ತಡಮಾಡದೆ ಹೆಲ್ಮೆಟ್ ತೆಗೆದು ನೀರು ಕುಡಿಯಿರಿ.