ಎಸಿಎಲ್ ಆಪರೇಷನ್ ಆದವರಿಗೆ ಮುಂದೆ ಕೃತಕ ಮಂಡಿ ಹಾಕಿಸಲೇಬೇಕಾ?

ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್) ಆಪರೇಷನ್ ಆಗಿದೆ, ಇದರಿಂದಲೇ ಮಂಡಿ ಸವೆಯುತ್ತಾ, ಆಟ ಬಿಡಲಾ ಅಂತ ಕೇಳಿದ್ದೀರಿ. 29 ವರ್ಷಕ್ಕೇ ಐವತ್ತರ ಮಂಡಿಯ ಚಿಂತೆ ಅಲ್ವಾ? ನಾನೂ ಹೀಗೇ ರಾತ್ರಿಯೆಲ್ಲ ಮೊಬೈಲ್ ಹಿಡಿದು ಹುಡುಕಿದವನು.

ನನಗೆ 26ರಲ್ಲಿ ಫುಟ್‌ಬಾಲ್ ಆಡುವಾಗ ಎಸಿಎಲ್ ಹರಿಯಿತು. ಕಾಲೂರಿ ಮೈ ತಿರುಗಿಸಿದೆ, ಒಳಗೆ ಟಪ್ ಅಂತು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕೂರಿಸಿದರು, ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್ ಕೂಡ ಹರಿದಿತ್ತು, ಅದಕ್ಕೆ ಹೊಲಿಗೆ ಹಾಕಿದರು. ಡಾಕ್ಟರ ಕೆಲಸ ಚೆನ್ನಾಗಿಯೇ ಆಗಿತ್ತು. ಕೆಡಿಸಿದ್ದು ನಾನು.

ಐದನೇ ತಿಂಗಳಿಗೆ ನೋವಿಲ್ಲ, ಊತವಿಲ್ಲ. ವಾಸಿಯಾಯಿತು ಅಂದುಕೊಂಡೆ. ಇಲ್ಲೇ ನೋಡಿ ಎಡವಟ್ಟಾಗಿದ್ದು. ಕೂರಿಸಿದ ರಜ್ಜುವಿಗೆ ಮೊದಲು ರಕ್ತವೇ ಹರಿಯುವುದಿಲ್ಲ. ನಿಧಾನವಾಗಿ ಹೊಸ ರಕ್ತನಾಳ ಬೆಳೆಯಬೇಕು. ಆ ತಿಂಗಳುಗಳಲ್ಲಿ ಅದು ಬಲಹೀನ, ಆದರೆ ನೋವು ಅಷ್ಟರಲ್ಲಿ ಹೋಗಿರುತ್ತದೆ. ಒಂಬತ್ತು ತಿಂಗಳು ಆಟ ಬೇಡ ಅಂತ ಹೇಳಿದ್ದರು. ಫಿಸಿಯೋ ಟೇಪ್ ಹಿಡಿದು ತೊಡೆ ಅಳೆದು, ಆ ಕಾಲಿನ ತೊಡೆ 3 ಸೆಂ.ಮೀ. ಸಣ್ಣಗಾಗಿದೆ, ಸ್ನಾಯು ಸೊರಗಿದೆ ಅಂದರು. ಪ್ಯಾಂಟ್ ಸಡಿಲ ಆಯ್ತು ಅಷ್ಟೇ ತಾನೇ ಅಂತ ನಕ್ಕೆ. ವ್ಯಾಯಾಮ ಬಿಟ್ಟು ಮೈದಾನಕ್ಕೆ ಹೋದೆ. ಅದೇ ತಿರುವು, ಅದೇ ಟಪ್.

ಲಿಗಮೆಂಟ್ ಮತ್ತೆ ಕೂರಿಸಿದರು. ಮೆನಿಸ್ಕಸ್‌ಗೆ ಮಾತ್ರ ಈ ಸಲ ಹೊಲಿಗೆ ಹಾಕುವಂತಿರಲಿಲ್ಲ, ಹರಿದ ಭಾಗ ಕತ್ತರಿಸಿದರು. ಆ ಮೆತ್ತೆ ಹೋದಷ್ಟೂ ಭಾರ ನೇರ ಕಾರ್ಟಿಲೇಜ್ ಮೇಲೆ, ಅಂದರೆ ಮೂಳೆ ತುದಿಯ ನುಣುಪು ಪದರದ ಮೇಲೆ ಬೀಳುತ್ತದೆ. ಈಗ ನನಗೆ 41. ಎಕ್ಸ್‌ರೇಯಲ್ಲಿ ಒಳಬದಿಯ ಸಂದು ಕಿರಿದಾಗಿದೆ. ಬೆಳಿಗ್ಗೆ ಮೊದಲ ಹತ್ತು ಮೆಟ್ಟಿಲು ಕಂಬಿ ಹಿಡಿದೇ ಇಳಿಯುತ್ತೇನೆ.

ಆಪರೇಷನ್ನಿಂದಲೇ ಮಂಡಿ ಸವೆಯುತ್ತಾ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯೇ ತಪ್ಪು. ಪೆಟ್ಟು ಬಿದ್ದ ದಿನವೇ ಮೂಳೆ, ಕಾರ್ಟಿಲೇಜ್ ಜಜ್ಜಿರುತ್ತದೆ. ಆಪರೇಷನ್ ಮಂಡಿಯ ಅಲುಗಾಟ ನಿಲ್ಲಿಸುತ್ತದೆ, ಆ ಪೆಟ್ಟನ್ನು ಅಳಿಸುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಈ ಆಪರೇಷನ್ ಆದವರನ್ನು 15 ವರ್ಷದ ಲೆಕ್ಕದಲ್ಲಿ ನೋಡಿದ್ದಾರೆ. ಮಂಡಿ ಬದಲಿಸಿಕೊಂಡವರು 100ಕ್ಕೆ 1.4, ಈ ಆಪರೇಷನ್ ಆಗದ ಉಳಿದ ಜನರಲ್ಲಿ 0.2. ಏಳು ಪಟ್ಟು ಅಂತ ಓದಿದರೆ ಎದೆ ಧಸಕ್ ಅನ್ನುತ್ತದೆ, ಆದರೆ 98ಕ್ಕಿಂತ ಜಾಸ್ತಿ ಜನಕ್ಕೆ ಅದು ಬೇಕಾಗಿರಲಿಲ್ಲ. ಹೌದು, ನಿಮ್ಮ ವಯಸ್ಸಿಗೆ 15 ವರ್ಷ ಕಡಿಮೆಯೇ. ಸವೆತ, ನೋವು ಬೇರೆ ಮಾತು, ಅದು ತುಂಬಾ ಜನಕ್ಕೆ ಬರುತ್ತದೆ.

ಆಟ ಬಿಡಲಾ ಅಂತ ಸುಮ್ನೆ ಕೊರಗಬೇಡಿ. ಡಿಸ್ಚಾರ್ಜ್ ಹಾಳೆ ತೆಗೆದು ಮೆನಿಸ್ಕಸ್ ಹೊಲಿದರಾ, ಕತ್ತರಿಸಿದರಾ ನೋಡಿ. ಆಮೇಲೆ ಟೇಪ್ ತಗೊಂಡು ಎರಡೂ ತೊಡೆ ಅಳೆಯಿರಿ. ನನ್ನದು ಇವತ್ತಿಗೂ 1 ಸೆಂ.ಮೀ. ಕಡಿಮೆ.