ಕಡಿಮೆ ಖರ್ಚಿನಲ್ಲಿ ನನ್ನ 150 ಸಿಸಿ ಕಾರ್ಬುರೇಟರ್ ಬೈಕಿನ ಸೌಂಡ್, ಪಿಕಪ್ ಎರಡೂ ಜಾಸ್ತಿ ಮಾಡಲು ಮೊದಲು ಏನು ಹಾಕಿಸಲಿ: ಫ್ರೀ ಫ್ಲೋ ಸೈಲೆನ್ಸರಾ (ಹೊಗೆಗೆ ತಡೆ ಕಡಿಮೆ ಇರುವುದು), ಓಪನ್ ಏರ್ ಫಿಲ್ಟರಾ (ಡಬ್ಬ ಇಲ್ಲದ್ದು)?

ನನ್ನದೂ ನಿಮ್ಮ ಹಾಗೆ 150 ಸಿಸಿ, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ. ನಾನು ಎರಡನ್ನೂ ಒಂದೇ ದಿನ ಹಾಕಿಸಿದೆ.

ಎರಡು ವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ಟಾರ್ಟ್ ಮಾಡಿದರೆ ಜನ ತಿರುಗಿ ನೋಡುತ್ತಿದ್ದರು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರ್‌ನಿಂದ ಪಟ್ ಪಟ್ ಅಂತ ಸದ್ದು. ಅದೂ ನನಗೆ ಖುಷಿಯೇ. ಒಂದು ದಿನ ಗೆಳೆಯನ ಜೊತೆ ಏರು ಹತ್ತಿಸಿದೆ. ಅದೇ ಮಾಡೆಲ್, ಏನೂ ಮಾಡಿಸದ ಗಾಡಿ, ಅವನೇ ಮುಂದೆ ಹೋದ. ನನ್ನ ಕಿವಿಗೆ ಕೇಳಿಸಿದ ಸ್ಪೀಡು ಚಕ್ರಕ್ಕೆ ಇಳಿದಿರಲಿಲ್ಲ.

ಆಮೇಲೆ ಒಂದು ಉದ್ದದ ಏರಿನಲ್ಲಿ, ಫುಲ್ ಆಕ್ಸಿಲರೇಟರ್‌ನಲ್ಲಿ, ಎಂಜಿನ್ ಸೀಜ್ ಆಯಿತು, ಅಂದರೆ ಬಿಸಿಗೆ ಪಿಸ್ಟನ್ ಒಳಗೇ ಹಿಡಿದು ನಿಂತಿತು. ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರಿತು. ಕ್ಲಚ್ ಹಿಡಿದಿದ್ದಕ್ಕೆ ಬೀಳಲಿಲ್ಲ. ಬಿಚ್ಚಿದಾಗ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರು. ಸ್ಪಾರ್ಕ್ ಪ್ಲಗ್ಗಿನ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಸಿಲಿಂಡರ್ ಬೋರ್ ಮಾಡಿಸಿ (ಒಳಗೆ ಕೊರೆದು ಅಗಲ ಮಾಡಿಸಿ), ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು.

ಕಾರಣ ಒಂದೇ: ಕಾರ್ಬುರೇಟರ್‌ನ ಜೆಟ್ ತೆಗೆದು ದೊಡ್ಡ ತೂತಿನದಕ್ಕೆ ಬದಲಿಸಿರಲಿಲ್ಲ. ಇದನ್ನು ಬಿಡಿಸಿಯೇ ಹೇಳುತ್ತೇನೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಫುಲ್ ಆಕ್ಸಿಲರೇಟರ್‌ನಲ್ಲಿ ಎಂಜಿನ್ ಇನ್ನೂ ಜಾಸ್ತಿ ಪೆಟ್ರೋಲ್ ಕೇಳುತ್ತದೆ, ಸುಮಾರು 13 ಗ್ರಾಂ ಗಾಳಿಗೇ 1 ಗ್ರಾಂ. ಆ ಹೆಚ್ಚಿನ ಪೆಟ್ರೋಲೇ ಒಳಗೆ ತಂಪು ಮಾಡುವುದು. ಆ ಹೊತ್ತಿನಲ್ಲಿ ಪೆಟ್ರೋಲ್ ಅಳೆದು ಕೊಡುವುದು ಮೇನ್ ಜೆಟ್: ಸುಮಾರು 1 ಮಿ.ಮೀ. ತೂತಿರುವ ಪುಟ್ಟ ಹಿತ್ತಾಳೆ ತುಂಡು. ಫಿಲ್ಟರ್ ಡಬ್ಬ ತೆಗೆದರೆ ಗಾಳಿಗೆ ತಡೆ ಕಡಿಮೆಯಾಗುತ್ತದೆ. ಜೊತೆಗೆ ಪೆಟ್ರೋಲನ್ನು ಮೇಲಕ್ಕೆಳೆಯುವ ಸೆಳೆತವೂ ಕಡಿಮೆಯಾಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಬಿಸಿ ವಿಪರೀತ. ಆ ಪಟ್ ಪಟ್ ಸದ್ದು ಇದನ್ನೇ ಹೇಳುತ್ತಿತ್ತು. ಹಾಕಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತೀರಾ ಅಗ್ಗದ ಒಂದು ಜೆಟ್‌ಗಾಗಿ ಒಂದು ಎಂಜಿನ್ ಹೋಯಿತು.

ಹಾಗಾಗಿ ಸೌಂಡ್, ಪಿಕಪ್ ಎರಡನ್ನೂ ಒಂದೇ ದುಡ್ಡಿನಲ್ಲಿ ಹುಡುಕುವುದನ್ನು ಬಿಡಿ. ಅವೆರಡೂ ಬೇರೆ ಬೇರೆ. ಪಿಕಪ್ ಬೇಕಾದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿ. 14 ಇದ್ದಿದ್ದು 13 ಆದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸುಮಾರು ಶೇ. 7.7 ಜಾಸ್ತಿ ಎಳೆತ ಸಿಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಸ್ವಲ್ಪ ಜಾಸ್ತಿ ತಿರುಗುತ್ತದೆ, ಅಷ್ಟೇ. ಟ್ಯಾಪೆಟ್ (ವಾಲ್ವ್ ಸಂದು), ಚೈನ್ ಸರಿ ಮಾಡಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಸೌಂಡೇ ಬೇಕು ಅಂದರೆ ಸೈಲೆನ್ಸರ್ ಒಂದನ್ನೇ ಹಾಕಿಸಿ. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ತಡೆ) ತೆಗೆಸಬೇಡಿ, ಕಂಪನಿಯ ಫಿಲ್ಟರ್ ಡಬ್ಬ ಮುಟ್ಟಬೇಡಿ, ಜೆಟ್ ಅದೇ ದಿನ ಹೊಂದಿಸಿಕೊಳ್ಳಿ. ಓಪನ್ ಫಿಲ್ಟರ್ ಅಂತೂ ಬೇಡವೇ ಬೇಡ.

ಈಗಾಗಲೇ ಏನಾದರೂ ಹಾಕಿಸಿದ್ದರೆ, ಎಂಜಿನ್ ತಣ್ಣಗಿರುವಾಗ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಜೆಟ್ ಬದಲಿಸುವ ತನಕ ಗಾಡಿ ತೆಗೆಯಬೇಡಿ.